ಅಡ್ಡಹೆಸರುಗಳ ಮೇಲೆ ಕಟ್ಟಿದ ಪಣ: ಮಕಾವ್‌ನ ವರ್ತಕ ಲೋ ಕಾವ್ ಮತ್ತು ಅವನ ಕಾಲ

ಸರ್ಕಾರಕ್ಕೆ ಸಲ್ಲಬೇಕಾದ ಆದಾಯವೊಂದನ್ನು ಸರ್ಕಾರವೇ ನೇರವಾಗಿ ವಸೂಲು ಮಾಡದೆ, ಆ ಹಕ್ಕನ್ನು ಹರಾಜಿನಲ್ಲಿ ಹೆಚ್ಚು ಮೊತ್ತ ಕೂಗಿದ ವರ್ತಕನಿಗೆ ಇಂತಿಷ್ಟು ವರ್ಷಗಳ ಮಟ್ಟಿಗೆ ಬಿಟ್ಟುಕೊಡುವ ಪದ್ಧತಿಗೆ ಕನ್ನಡ ನಾಡಿನ ಹಳೆಯ ಆಡಳಿತದ ಭಾಷೆಯಲ್ಲಿ ಇಜಾರೆ ಎಂದೂ ಆಡುಮಾತಿನಲ್ಲಿ ಗುತ್ತಿಗೆ ಎಂದೂ ಹೆಸರಿತ್ತು. ಸೇಂದಿ, ಸಾರಾಯಿಗಳ ಅಬಕಾರಿ ಗುತ್ತಿಗೆಯನ್ನು ಕಂಡ ನಾಡಿಗೆ ಅದರ ಸ್ವರೂಪವನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ಇದೇ ಪದ್ಧತಿಯನ್ನು ಜೂಜಿಗೆ ಅನ್ವಯಿಸಿ, ಅದರ ಬಲದ ಮೇಲೆಯೇ ಒಂದು ಊರಿನ ಬೊಕ್ಕಸವನ್ನು ತುಂಬಿದ ಪ್ರಯೋಗ ನಡೆದದ್ದು ಚೀನಾದ ದಕ್ಷಿಣ ಕರಾವಳಿಯಲ್ಲಿ, ಪರ್ಲ್ ನದಿಯ ಅಳಿವೆಯ ಪಶ್ಚಿಮ ದಡದಲ್ಲಿರುವ ಮಕಾವ್ ಎಂಬ ಪುಟ್ಟ ಪೋರ್ಚುಗೀಸ್ ನೆಲೆಯಲ್ಲಿ. ಆ ಪ್ರಯೋಗದಿಂದ ಮೇಲೆ ಬಂದವರಲ್ಲಿ ಮೊದಲ ಸಾಲಿನಲ್ಲಿ ನಿಲ್ಲುವ ವರ್ತಕನೆಂದರೆ ಲೋ ಕಾವ್. ಜೂಜಿನ ದೊರೆ ಎಂಬ ಬಿರುದು ಮಕಾವ್‌ನಲ್ಲಿ ಮುಂದೆ ಬೇರೆ ಬೇರೆಯವರಿಗೆ ಸಂದಿತಾದರೂ, ಆ ಸಾಲಿನ ಆರಂಭದಲ್ಲಿ ಇತಿಹಾಸಕಾರರು ಹೆಸರಿಸುವುದು ಇವನನ್ನೇ. ಆಸ್ಪತ್ರೆಯ ನಿರ್ವಾಹಕರಲ್ಲೊಬ್ಬನಾಗಿ, ಬಡವರಿಗೆ ಔಷಧವನ್ನೂ ಶವಪೆಟ್ಟಿಗೆಯನ್ನೂ ಕೊಡುತ್ತಿದ್ದ ಧರ್ಮಸಂಸ್ಥೆಯ ಆಧಾರಗಳಲ್ಲೊಬ್ಬನಾಗಿ ಅವನು ಪಡೆದ ಹೆಸರೂ ಅಷ್ಟೇ ದೊಡ್ಡದು.

ಈ ಎರಡು ಹೆಸರುಗಳನ್ನು ಎದುರುಬದುರು ನಿಲ್ಲಿಸಿ, ಪಾಪದ ಹಣವನ್ನು ಪುಣ್ಯದ ಕೆಲಸದಿಂದ ತೊಳೆದುಕೊಂಡವನೆಂದು ಅವನನ್ನು ಬಣ್ಣಿಸುವುದು ಸುಲಭ. ಆದರೆ ಅವನ ಬದುಕನ್ನು ಅವನ ಕಾಲದ ಆಡಳಿತದ ರೀತಿಯೊಂದಿಗೆ ಇಟ್ಟು ನೋಡಿದಾಗ, ಜೂಜಿನ ಗುತ್ತಿಗೆ ಮತ್ತು ಧರ್ಮಕಾರ್ಯ ಎರಡೂ ಒಂದೇ ಬೇರಿನಿಂದ ಹುಟ್ಟಿದವು ಎಂಬುದು ಗೋಚರಿಸುತ್ತದೆ. ಚೀನೀಯರಿಂದ ಆದಾಯವನ್ನು ಪಡೆಯುತ್ತಿದ್ದ, ಆದರೆ ಅವರ ರೋಗ, ಹಸಿವು, ಸಾವುಗಳ ಹೊಣೆಯನ್ನು ಬಹುಮಟ್ಟಿಗೆ ಅವರಿಗೇ ಬಿಟ್ಟಿದ್ದ ಸರ್ಕಾರವೊಂದು ಇದ್ದಲ್ಲಿ, ಆದಾಯವನ್ನು ಎತ್ತಿಕೊಡುವ ಗುತ್ತಿಗೆದಾರನೇ ಹೊಣೆಯನ್ನೂ ಹೊರುವ ಯಜಮಾನನಾಗಿ ಬೆಳೆಯುವುದು ಆ ವ್ಯವಸ್ಥೆಯ ಸಹಜ ಪರಿಣಾಮವಾಗಿತ್ತು.

ಪೋರ್ಚುಗೀಸರು ಮಕಾವ್‌ನಲ್ಲಿ ನೆಲೆನಿಂತದ್ದು 16ನೆಯ ಶತಮಾನದ ನಡುವಿನಲ್ಲಿ, ಸಾಮಾನ್ಯವಾಗಿ ಒಪ್ಪಿತವಾದ ಲೆಕ್ಕದ ಪ್ರಕಾರ 1557ರಲ್ಲಿ. ಮುಂದಿನ ಹಲವು ತಲೆಮಾರುಗಳ ಕಾಲ ಆ ನೆಲೆ ಗೋವೆಯಲ್ಲಿದ್ದ ಪೋರ್ಚುಗೀಸ್ ಅಧಿಪತ್ಯದ ಅಧೀನದಲ್ಲಿತ್ತು. 1844ರಲ್ಲಷ್ಟೇ ಅದು ಗೋವೆಯ ಆಡಳಿತದಿಂದ ಬೇರೆಯಾಯಿತು. ಹೀಗಾಗಿ ಕೊಂಕಣ ಮತ್ತು ಕನ್ನಡ ಕರಾವಳಿಯ ಬಂದರುಗಳನ್ನು ಕಾಡಿದ ಅಧಿಕಾರ ಕೇಂದ್ರವೇ ಬಹುಕಾಲ ಮಕಾವ್‌ನ ಆಗುಹೋಗುಗಳನ್ನೂ ನಿರ್ಧರಿಸುತ್ತಿತ್ತು. ಅಫೀಮು ಯುದ್ಧದ ನಂತರ, 1842ರಲ್ಲಿ ಹಾಂಗ್‌ಕಾಂಗ್ ಬ್ರಿಟಿಷರ ಕೈಸೇರಿದ ಮೇಲೆ ಮಕಾವ್‌ನ ವ್ಯಾಪಾರ ಬತ್ತತೊಡಗಿತು: ಹಾಂಗ್‌ಕಾಂಗ್‌ನ ಬಂದರು ಆಳವಾದದ್ದು, ಅಲ್ಲಿ ಸುಂಕವಿರಲಿಲ್ಲ, ಮಕಾವ್‌ನ ಬಂದರಾದರೋ ಹೂಳು ತುಂಬಿ ದೊಡ್ಡ ಹಡಗುಗಳಿಗೆ ಒಗ್ಗದಂತಾಗಿತ್ತು. ಹೊಟ್ಟೆಪಾಡಿಗಾಗಿ ಆ ಊರು ಮೊದಲು ಆತುಕೊಂಡದ್ದು ಕೂಲಿಗಳ ಸಾಗಾಟವನ್ನು, ಅಂದರೆ ಕರಾರಿನ ಹೆಸರಿನಲ್ಲಿ ಬಡ ಚೀನೀಯರನ್ನು ಕ್ಯೂಬಾ, ಪೆರು ಮೊದಲಾದ ದೇಶಗಳಿಗೆ ರವಾನಿಸುತ್ತಿದ್ದ, ಗುಲಾಮಗಿರಿಗಿಂತ ಹೆಸರಿನಲ್ಲಷ್ಟೇ ಭಿನ್ನವಾಗಿದ್ದ ದಂಧೆಯನ್ನು. ಅದು 1874ರಲ್ಲಿ ನಿಂತುಹೋದ ಮೇಲೆ ಉಳಿದದ್ದು ಜೂಜು ಮತ್ತು ಅಫೀಮು.

ಜೂಜಿಗೆ ಪರವಾನಗಿ ಕೊಟ್ಟು ಆದಾಯ ಎತ್ತುವ ಕ್ರಮ ಅದಕ್ಕಿಂತ ಮುಂಚೆಯೇ, 1851ರಿಂದ 1863ರವರೆಗೆ ಗವರ್ನರ್ ಆಗಿದ್ದ ಇಸಿದೊರೊ ಫ್ರಾನ್ಸಿಸ್ಕೊ ಗಿಮರಾಯಿಶ್‌ನ ಕಾಲಕ್ಕೇ ಬೇರೂರಿತ್ತು. ಚೀನಾದ ಚಿಂಗ್ ಸಾಮ್ರಾಜ್ಯದಲ್ಲಿ ಜೂಜು ಕಾನೂನುಬಾಹಿರವಾಗಿದ್ದುದರಿಂದ, ಗಡಿಯಾಚೆಗಿನ ಈ ಚಿಕ್ಕ ನೆಲದಲ್ಲಿ ಅದು ಕಾನೂನಿನ ನೆರಳನ್ನು ಪಡೆದದ್ದೇ ಮಕಾವ್‌ಗೆ ಬಂಡವಾಳವಾಯಿತು. ಹಾಂಗ್‌ಕಾಂಗ್ ಕೂಡ 1867ರಿಂದ 1871ರವರೆಗೆ ಜೂಜಿನ ಮನೆಗಳಿಗೆ ಪರವಾನಗಿ ಕೊಟ್ಟು ನೋಡಿತಾದರೂ, ಬ್ರಿಟನ್ನಿನಲ್ಲಿ ಎದ್ದ ವಿರೋಧದಿಂದಾಗಿ ಆ ವ್ಯವಸ್ಥೆಯನ್ನು ಕೈಬಿಟ್ಟಿತು. ಅಲ್ಲಿನ ಆಟಗಾರರು ಹಡಗು ಹತ್ತಿ ಮಕಾವ್‌ಗೆ ಬರತೊಡಗಿದರು.

ಲೋ ಕಾವ್ ಹುಟ್ಟಿದ್ದು ಗ್ವಾಂಗ್‌ಡಾಂಗ್ ಪ್ರಾಂತ್ಯದ ಶಿನ್‌ಹುಯಿ ಜಿಲ್ಲೆಯಲ್ಲಿ, 19ನೆಯ ಶತಮಾನದ ನಡುಭಾಗದಲ್ಲಿ. ಅವನ ವಿಧಿವತ್ತಾದ ಹೆಸರು ಲೋ ವಾ ಸಿಯು. ಓದುಬರಹದ ವಲಯದಲ್ಲಿ ಬಳಕೆಯಲ್ಲಿದ್ದ ಗೌರವದ ಹೆಸರು ಲೋ ಚೊಕ್ ಚಿ. ಊರಿನ ಬಾಯಲ್ಲಿ ಉಳಿದ ಹೆಸರು ಮಾತ್ರ ಲೋ ಕಾವ್. ಕಾವ್ ಎಂದರೆ ಕ್ಯಾಂಟನೀಸ್ ಮಾತಿನಲ್ಲಿ ಒಂಬತ್ತು. ಬಡತನದಲ್ಲಿ ಬೆಳೆದು ಎಳೆಯ ವಯಸ್ಸಿನಲ್ಲೇ ಮಕಾವ್‌ಗೆ ಬಂದ ಅವನು ಮೊದಲು ಹಿಡಿದದ್ದು ನಾಣ್ಯ ವಿನಿಮಯದ ಕೆಲಸವನ್ನು. ಇದು ಗಮನಿಸತಕ್ಕ ಸಂಗತಿ. ಮೆಕ್ಸಿಕೋದ ಬೆಳ್ಳಿ ಡಾಲರು, ತೂಕದ ಲೆಕ್ಕದಲ್ಲಿ ಚಲಾವಣೆಯಲ್ಲಿದ್ದ ಚೀನೀ ಬೆಳ್ಳಿ, ನಡುವೆ ಚೌಕ ತೂತಿರುವ ತಾಮ್ರದ ಬಿಲ್ಲೆ ಇವೆಲ್ಲ ಒಟ್ಟೊಟ್ಟಿಗೆ ಓಡಾಡುತ್ತಿದ್ದ ಬಂದರಿನಲ್ಲಿ ನಾಣ್ಯದ ಅಸಲಿಯತ್ತನ್ನು ಬೆರಳ ತುದಿಯಿಂದ ಅಳೆಯಬಲ್ಲವನಿಗೆ ಊರಿನ ವಹಿವಾಟೆಲ್ಲವೂ ತಿಳಿಯುತ್ತಿತ್ತು. ಯಾರ ಕೈಯಲ್ಲಿ ಎಷ್ಟು ಹಣವಿದೆ, ಯಾರ ಮಾತಿಗೆ ಎಷ್ಟು ಬೆಲೆ ಇದೆ ಎಂಬ ತಿಳಿವಳಿಕೆಯೇ ಮುಂದೆ ಲಕ್ಷಗಟ್ಟಲೆ ಮೊತ್ತದ ಗುತ್ತಿಗೆಗೆ ಪಾಲುದಾರರನ್ನು ಕೂಡಿಸಲು ಅವನಿಗೆ ನೆರವಾಗಿರಬೇಕು. ಜೂಜು, ಅಫೀಮು, ಹಂದಿ ಮಾಂಸ ಇವು ಅವನ ಸಂಪತ್ತಿನ ಮೂಲಗಳೆಂದು ದಾಖಲಾಗಿವೆ. ಮೂರೂ ಸರ್ಕಾರದಿಂದ ಗುತ್ತಿಗೆಗೆ ಹಿಡಿಯಬೇಕಾಗಿದ್ದ ವ್ಯಾಪಾರಗಳೇ.

ಆ ಕಾಲದ ಜೂಜು ಎಂದರೆ ಇಂದಿನ ಮಕಾವ್‌ನ ಬಣ್ಣದ ದೀಪಗಳ ಕ್ಯಾಸಿನೊ ಅಲ್ಲ. ಎಲ್ಲಕ್ಕಿಂತ ಜನಪ್ರಿಯವಾಗಿದ್ದ ಫಾನ್ ತಾನ್ ಆಟಕ್ಕೆ ಬೇಕಾದದ್ದು ಒಂದು ಚಾಪೆ ಹಾಸಿದ ಮೇಜು, ಒಂದು ರಾಶಿ ಬಿಲ್ಲೆ, ಒಂದು ಬಟ್ಟಲು, ಒಂದು ತೆಳುವಾದ ಕೋಲು ಇಷ್ಟೇ. ಬಟ್ಟಲಿನಿಂದ ಮುಚ್ಚಿದ ರಾಶಿಯ ಮೇಲೆ ಆಟಗಾರರು ಪಣವಿಟ್ಟ ಮೇಲೆ, ಆಟ ನಡೆಸುವವನು ಬಟ್ಟಲನ್ನು ತೆಗೆದು ಕೋಲಿನಿಂದ ನಾಲ್ಕು ನಾಲ್ಕು ಬಿಲ್ಲೆಗಳನ್ನು ಸರಿಸುತ್ತ ಹೋಗುತ್ತಿದ್ದ; ಕೊನೆಗೆ ಉಳಿಯುವುದು ಒಂದೋ ಎರಡೋ ಮೂರೋ ನಾಲ್ಕೋ ಎಂಬುದೇ ಪಣದ ವಿಷಯ. ಗೆದ್ದವನಿಗೆ ಇಟ್ಟದ್ದರ ಮೂರು ಪಟ್ಟು ಸಿಗುತ್ತಿತ್ತಾದರೂ ಅದರಲ್ಲಿ ಒಂದು ಪಾಲನ್ನು ಜೂಜಿನ ಮನೆಯವರು ಮುರಿದುಕೊಳ್ಳುತ್ತಿದ್ದರು, ಮತ್ತು ಆ ಸಣ್ಣ ಪಾಲೇ ದಿನವಿಡೀ, ವರ್ಷವಿಡೀ ಸೇರಿ ಗುತ್ತಿಗೆಯ ಮೊತ್ತವನ್ನೂ ಗುತ್ತಿಗೆದಾರನ ಲಾಭವನ್ನೂ ಹೊರಡಿಸುತ್ತಿತ್ತು. ಇಂತಹ ಮನೆಗಳ ಮಹಡಿಯಲ್ಲಿ ಮೇಜಿನ ನೇರಕ್ಕೆ ನೆಲವನ್ನು ತೆರೆದು ಕಟಕಟೆ ಹಾಕಿರುತ್ತಿದ್ದರು. ಕೆಳಗಿನ ನೂಕುನುಗ್ಗಲಿಗೆ ಇಳಿಯಲೊಲ್ಲದ ಅನುಕೂಲಸ್ಥರು ಅಲ್ಲಿ ಕುಳಿತು, ಹಗ್ಗ ಕಟ್ಟಿದ ಪುಟ್ಟ ಬುಟ್ಟಿಯಲ್ಲಿ ತಮ್ಮ ಹಣವನ್ನು ಕೆಳಗಿಳಿಸುತ್ತಿದ್ದರು. ಎರಡನೆಯದು ಬಿಳಿ ಪಾರಿವಾಳದ ಚೀಟಿ ಎಂಬ ಅರ್ಥದ ಪಾಕ್ ಕಾಪ್ ಪಿಯು. ಚೀನೀ ಮಕ್ಕಳು ಅಕ್ಷರ ಕಲಿಯಲು ಬಾಯಿಪಾಠ ಮಾಡುತ್ತಿದ್ದ ಸಾವಿರ ಅಕ್ಷರಗಳ ಪಾಠದಿಂದ ಆಯ್ದ ಅಕ್ಷರಗಳನ್ನು ಚೀಟಿಯ ಮೇಲೆ ಮುದ್ರಿಸಿ, ಅವುಗಳಲ್ಲಿ ಕೆಲವನ್ನು ಆಟಗಾರನು ಗುರುತು ಮಾಡುವುದು, ಅಷ್ಟರಲ್ಲಿ ಎಷ್ಟು ಡ್ರಾ ಆಗುತ್ತವೆ ಎಂದು ಕಾಯುವುದು ಅದರ ಕ್ರಮ. ಕನ್ನಡ ನಾಡಿನ ಕೂಲಿಮಠಗಳಲ್ಲಿ ಹುಡುಗರು ಉರುಹೊಡೆಯುತ್ತಿದ್ದ ಅಮರಕೋಶದ ಪದಗಳ ಮೇಲೆ ಲಾಟರಿ ನಡೆದಿದ್ದರೆ ಹೇಗಿರುತ್ತಿತ್ತೋ ಹಾಗೆ.

ಲೋ ಕಾವ್‌ನ ಬದುಕಿನ ಏಳುಬೀಳುಗಳನ್ನು ಅರ್ಥಮಾಡಿಕೊಳ್ಳಲು ಮುಖ್ಯವಾಗಿ ತಿಳಿಯಬೇಕಾದದ್ದು ಮೂರನೆಯ ಆಟವನ್ನು, ಅಂದರೆ ವೈಸಿಂಗ್ ಎಂಬ ಅಡ್ಡಹೆಸರುಗಳ ಜೂಜನ್ನು. ಚೀನಾದಲ್ಲಿ ಸರ್ಕಾರಿ ಅಧಿಕಾರಕ್ಕೆ ದಾರಿಯಾಗಿದ್ದದ್ದು ಕನ್ಫ್ಯೂಷಿಯಸ್‌ನ ಪರಂಪರೆಯ ಗ್ರಂಥಗಳನ್ನು ಆಧರಿಸಿದ, ಜಿಲ್ಲೆಯಿಂದ ರಾಜಧಾನಿಯವರೆಗೆ ಹಂತ ಹಂತವಾಗಿ ನಡೆಯುತ್ತಿದ್ದ ಪರೀಕ್ಷೆಗಳು. ಇವುಗಳಲ್ಲಿ ಪ್ರಾಂತ್ಯದ ಪರೀಕ್ಷೆ ಮೂರು ವರ್ಷಕ್ಕೊಮ್ಮೆ ನಡೆಯುತ್ತಿತ್ತು. ಸಾವಿರಾರು ಮಂದಿ ಕುಳಿತು ಬರೆದರೆ ತೇರ್ಗಡೆಯಾಗುತ್ತಿದ್ದವರು ತೀರ ಕೆಲವರು. ಚೀನೀಯರಲ್ಲಿ ಅಡ್ಡಹೆಸರುಗಳ ಸಂಖ್ಯೆ ಕಡಿಮೆ, ಒಂದೊಂದು ಅಡ್ಡಹೆಸರನ್ನು ಲಕ್ಷಾಂತರ ಜನ ಹಂಚಿಕೊಂಡಿರುತ್ತಾರೆ. ಈ ಎರಡು ಸಂಗತಿಗಳನ್ನು ಕೂಡಿಸಿ, ಮುಂದಿನ ಪರೀಕ್ಷೆಯಲ್ಲಿ ಯಾವ ಯಾವ ಅಡ್ಡಹೆಸರಿನವರು ತೇರ್ಗಡೆಯಾಗುತ್ತಾರೆ ಎಂದು ಊಹಿಸಿ ಪಣ ಕಟ್ಟುವ ಆಟವನ್ನು ಗ್ವಾಂಗ್‌ಡಾಂಗ್‌ನ ಜನ ರೂಪಿಸಿದರು. ತೀರ ಸಾಮಾನ್ಯವಾದ ಅಡ್ಡಹೆಸರುಗಳನ್ನು ಪಟ್ಟಿಯಿಂದ ತೆಗೆದುಹಾಕಲಾಗುತ್ತಿತ್ತು, ಏಕೆಂದರೆ ಅವುಗಳಲ್ಲಿ ಯಾರಾದರೊಬ್ಬರು ಗೆದ್ದೇ ಗೆಲ್ಲುವರು. ಉಳಿದವುಗಳಲ್ಲಿ 20ನ್ನು ಆಟಗಾರನು ಆರಿಸಿಕೊಂಡು ಬರೆಸಬೇಕಾಗಿತ್ತು, ಮತ್ತು ಫಲಿತಾಂಶದ ಪಟ್ಟಿ ಹೊರಬಿದ್ದಾಗ ಎಲ್ಲರಿಗಿಂತ ಹೆಚ್ಚು ಹೆಸರುಗಳನ್ನು ಸರಿಯಾಗಿ ಹೇಳಿದವನಿಗೆ ದೊಡ್ಡ ಬಹುಮಾನ.

ಈ ಆಟದ ಮೋಹ ಎಷ್ಟು ವ್ಯಾಪಕವಾಗಿತ್ತೆಂದರೆ, ಅಕ್ಷರ ಬಾರದ ಕೂಲಿಯವನೂ ಅಡುಗೆಯಾಕೆಯೂ ಪರೀಕ್ಷೆಯ ಫಲಿತಾಂಶಕ್ಕಾಗಿ ವಿದ್ಯಾರ್ಥಿಗಿಂತ ಹೆಚ್ಚು ಕಾತರದಿಂದ ಕಾಯುತ್ತಿದ್ದರು. ಯಾವ ಮನೆತನದಲ್ಲಿ ಒಳ್ಳೆಯ ಓದುಗರಿದ್ದಾರೆ, ಯಾವ ಊರಿನ ಯಾವ ಗುರುವಿನ ಶಿಷ್ಯರು ಈ ಬಾರಿ ಬರೆಯುತ್ತಿದ್ದಾರೆ ಎಂಬ ವಿಚಾರಣೆ ಬೀದಿಬದಿಯ ಮಾತಾಯಿತು. ಪರೀಕ್ಷೆಯ ಪ್ರಾಮಾಣಿಕತೆಗಾಗಿ ಸಾಮ್ರಾಜ್ಯವು ಬಲು ಎಚ್ಚರಿಕೆಯ ಏರ್ಪಾಡು ಮಾಡಿತ್ತು: ಉತ್ತರಪತ್ರಿಕೆಯ ಮೇಲಿನ ಹೆಸರನ್ನು ಮುಚ್ಚಿ ಅಂಟಿಸಲಾಗುತ್ತಿತ್ತು, ಕೈಬರಹದ ಗುರುತು ಸಿಗದಂತೆ ಗುಮಾಸ್ತರು ಅದನ್ನು ಬೇರೆ ಕಾಗದಕ್ಕೆ ನಕಲು ಮಾಡುತ್ತಿದ್ದರು. ಆದರೆ ಒಂದು ಅಡ್ಡಹೆಸರಿನ ಮೇಲೆ ಇಡೀ ಪ್ರಾಂತ್ಯದ ಹಣ ನಿಂತಾಗ ಆ ಅಂಟು ಬಿಚ್ಚುವುದಕ್ಕೂ ಬೆಲೆ ಹುಟ್ಟಿತು. ಅಪರೂಪದ ಅಡ್ಡಹೆಸರಿನ ದುರ್ಬಲ ಅಭ್ಯರ್ಥಿಯನ್ನು ಲಂಚದಿಂದ ಗೆಲ್ಲಿಸುವುದಕ್ಕೆ ಕೋಳಿ ಹೊರುವುದು ಎಂದೂ, ಗೆಲ್ಲಬಲ್ಲ ಜಾಣನನ್ನು ಸಂಚು ಮಾಡಿ ಬೀಳಿಸುವುದಕ್ಕೆ ಏಡಿ ಹಿಡಿಯುವುದು ಎಂದೂ ಜೂಜುಕಟ್ಟೆಯ ನುಡಿಗಟ್ಟುಗಳೇ ಹುಟ್ಟಿಕೊಂಡವು. ತನ್ನದಲ್ಲದ ತಪ್ಪಿಗೆ, ಬರೀ ತನ್ನ ಮನೆತನದ ಹೆಸರಿನ ಮೇಲೆ ಯಾರೋ ಪಣವಿಟ್ಟಿದ್ದಕ್ಕಾಗಿ ವರ್ಷಗಟ್ಟಲೆಯ ಓದನ್ನು ಕಳೆದುಕೊಂಡ ಬಡ ವಿದ್ಯಾರ್ಥಿಯ ನಷ್ಟ ಯಾವ ಗುತ್ತಿಗೆಯ ಲೆಕ್ಕಪುಸ್ತಕದಲ್ಲೂ ಬರೆಯಲ್ಪಟ್ಟಿಲ್ಲ. ಲೋ ಕಾವ್‌ನ ದಾನಗುಣವನ್ನು ಮೆಚ್ಚುವಾಗಲೂ ಈ ನಷ್ಟವನ್ನು ಮರೆಯಲಾಗದು.

ಗ್ವಾಂಗ್‌ಡಾಂಗ್‌ನ ಅಧಿಕಾರಿಗಳು ಈ ಆಟವನ್ನು ನಿಷೇಧಿಸಿದಾಗಲೆಲ್ಲ ಅದು ಗಡಿ ದಾಟಿ ಮಕಾವ್‌ಗೆ ಬರುತ್ತಿತ್ತು. ಮಕಾವ್‌ನ ಪೋರ್ಚುಗೀಸ್ ಸರ್ಕಾರ ಅದಕ್ಕೂ ಗುತ್ತಿಗೆ ಏರ್ಪಡಿಸಿ ಆದಾಯ ಪಡೆಯುತ್ತಿತ್ತು, ಟಿಕೆಟ್ಟುಗಳು ಮಾತ್ರ ಕಳ್ಳದಾರಿಯಲ್ಲಿ ಗ್ವಾಂಗ್‌ಡಾಂಗ್‌ನ ಊರೂರುಗಳಿಗೆ ತಲುಪುತ್ತಿದ್ದವು. ತಮ್ಮ ಜನರ ಹಣ ಪರರ ಬೊಕ್ಕಸ ಸೇರುತ್ತಿರುವುದನ್ನು ಕಂಡು, ನಿಷೇಧವನ್ನು ಸಡಿಲಿಸಿ ಆ ಆದಾಯವನ್ನು ತಮ್ಮದಾಗಿಸಿಕೊಳ್ಳುವ ಆಲೋಚನೆ ಚೀನೀ ಅಧಿಕಾರಿಗಳಿಗೂ ಬಂತು. 1875ರಲ್ಲಿ ಇದಕ್ಕೆ ಒಪ್ಪಿಗೆ ಕೊಟ್ಟ ಯಿಂಗ್ ಹಾನ್ ಎಂಬ ರಾಜಪ್ರತಿನಿಧಿ ಪದವಿಯನ್ನೇ ಕಳೆದುಕೊಂಡ. ಆದರೆ ಹತ್ತು ವರ್ಷಗಳ ನಂತರ ಫ್ರಾನ್ಸಿನೊಂದಿಗೆ ಯುದ್ಧ ನಡೆದು ಖಜಾನೆ ಬರಿದಾದಾಗ, ಪ್ರಸಿದ್ಧ ಸುಧಾರಕ ಆಡಳಿತಗಾರ ಝಾಂಗ್ ಝಿದೊಂಗ್ ಅದೇ ಪ್ರಸ್ತಾವವನ್ನು ಮುಂದಿಟ್ಟು ಚಕ್ರವರ್ತಿಯ ಆಸ್ಥಾನದ ಅನುಮತಿಯನ್ನು ಪಡೆದ. ಕರಾವಳಿಯ ರಕ್ಷಣೆಗೆ, ಅಷ್ಟೇ ಅಲ್ಲ, ವಿದೇಶದಿಂದ ಯಂತ್ರಮಗ್ಗಗಳನ್ನು ತರಿಸುವುದಕ್ಕೂ ವೈಸಿಂಗ್ ಗುತ್ತಿಗೆದಾರರಿಂದ ಹಣ ಎತ್ತಲಾಯಿತು. ಶಾಸ್ತ್ರಗ್ರಂಥಗಳ ಪರೀಕ್ಷೆ, ಅದರ ಮೇಲಿನ ಜೂಜು, ಆ ಜೂಜಿನ ಹಣದಿಂದ ಬಂದ ಯಂತ್ರ ಹೀಗೆ ಹಳೆಯ ಚೀನಾವೂ ಹೊಸ ಚೀನಾವೂ ಒಂದೇ ಚೀಟಿಯಲ್ಲಿ ಸಂಧಿಸಿದ ಆ ಕಾಲವು ಅಧ್ಯಯನಯೋಗ್ಯವಾದದ್ದು.

ಹೀಗೆ ಎರಡು ಸರ್ಕಾರಗಳ ನಡುವೆ ಸರಿದಾಡುತ್ತಿದ್ದ ವ್ಯಾಪಾರದಲ್ಲಿ ನಿಲ್ಲಬೇಕಾದವನಿಗೆ ಎರಡು ಕಡೆಯೂ ಕಾಲೂರಲು ನೆಲ ಬೇಕಾಗಿತ್ತು. 1887ರ ಡಿಸೆಂಬರಿನಲ್ಲಿ ಚೀನಾ ಮತ್ತು ಪೋರ್ಚುಗಲ್ ನಡುವೆ ಒಪ್ಪಂದವಾಗಿ, ಮಕಾವ್‌ನ ಮೇಲೆ ಪೋರ್ಚುಗಲ್ಲಿನ ಶಾಶ್ವತ ಅಧಿಕಾರಕ್ಕೆ ಚೀನಾ ಒಪ್ಪಿಕೊಂಡಿತು. ಅದರ ಮರುವರ್ಷ, 1888ರಲ್ಲಿ, ಲೋ ಕಾವ್ ಪೋರ್ಚುಗೀಸ್ ಪ್ರಜೆಯಾದ. ಪೋರ್ಚುಗಲ್ಲಿನ ದೊರೆಯಿಂದ ಗೌರವ ಪದಕಗಳು ಅವನಿಗೆ ಬಂದವು. ಇತ್ತ ಚಿಂಗ್ ಆಡಳಿತಕ್ಕೆ ಹಣ ಸಲ್ಲಿಸಿ ಅಧಿಕಾರಿಯ ದರ್ಜೆಯನ್ನೂ ಅವನು ಪಡೆದುಕೊಂಡ. ಪರೀಕ್ಷೆ ಬರೆಯದವರಿಗೂ ದೇಣಿಗೆಯ ಮೂಲಕ ಪದವಿಯ ಅಂತಸ್ತು ಕೊಡುವ ಕ್ರಮ ಆಗ ಚೀನಾದಲ್ಲಿ ರೂಢಿಯಲ್ಲಿತ್ತು. ಪರೀಕ್ಷೆಯ ಮೇಲಿನ ಪಣದಿಂದ ಗಳಿಸಿದವನು ಪರೀಕ್ಷೆ ಬರೆದವರ ಸಾಲಿನಲ್ಲಿ ಕುಳಿತುಕೊಳ್ಳಲು ಆಸೆಪಟ್ಟದ್ದರಲ್ಲಿ ಒಂದು ಬಗೆಯ ಮಾನವೀಯ ಹಂಬಲ ಕಾಣುತ್ತದೆ.

ಅವನ ಅಂತಸ್ತಿಗೆ ಈಗಲೂ ನಿಂತಿರುವ ಸಾಕ್ಷಿ ಮಕಾವ್‌ನ ಪ್ರಧಾನ ಇಗರ್ಜಿಯ ಬಳಿ, ಇಗರ್ಜಿಯ ಹೆಸರನ್ನೇ ಹೊತ್ತ ಓಣಿಯ 7ನೆಯ ಸಂಖ್ಯೆಯ ಮನೆ. 1889ರಲ್ಲಿ ಕಟ್ಟಿಸಿದ ಈ ಎರಡಂತಸ್ತಿನ ಮನೆ ಬೂದುಬಣ್ಣದ ಇಟ್ಟಿಗೆಯದು, ಗ್ವಾಂಗ್‌ಡಾಂಗ್‌ನ ರಾಜಧಾನಿ ಕ್ಯಾಂಟನ್ನಿನ ಶ್ರೀಮಂತ ಬಡಾವಣೆಗಳ ಮನೆಗಳ ಮಾದರಿಯದು. ಒಳಹೊಕ್ಕರೆ ಕನ್ನಡಿಗರ ತೊಟ್ಟಿಮನೆಯನ್ನು ನೆನಪಿಸುವ, ಬೆಳಕು ಗಾಳಿಗಳನ್ನು ಒಳಕ್ಕೆ ಬಿಡುವ ತೆರೆದ ಅಂಗಳಗಳು ಒಂದರ ಹಿಂದೊಂದು ಸಾಲಾಗಿ ಬರುತ್ತವೆ. ಕಿಟಕಿಗಳಲ್ಲಿ ಗಾಜಿನ ಬದಲು ತೆಳುವಾಗಿ ಕೊರೆದ ಮುತ್ತಿನ ಹೊಳಪಿನ ಚಿಪ್ಪುಗಳು, ಅವುಗಳ ಪಕ್ಕದಲ್ಲೇ ಯುರೋಪಿನ ರೀತಿಯ ಬಣ್ಣದ ಗಾಜು. ಚೀನೀ ಗಾರೆ ಕೆತ್ತನೆಯ ಮಗ್ಗುಲಲ್ಲಿ ಎರಕದ ಕಬ್ಬಿಣದ ಕಟಕಟೆ. ಎರಡು ದೇಶಗಳ ಪ್ರಜೆಯಂತೆ ಬಾಳಿದವನ ಮನೆಯೂ ಎರಡು ದೇಶಗಳ ಕುಶಲತೆಯನ್ನು ಒಂದೇ ಸೂರಿನಡಿ ಕೂಡಿಸಿತ್ತು, ಮತ್ತು ಆ ಕೂಡಿಕೆಯಲ್ಲಿ ಅಬ್ಬರಕ್ಕಿಂತ ಹದವೇ ಹೆಚ್ಚಾಗಿದೆ.

ಧರ್ಮಕಾರ್ಯದ ಕಡೆಗೆ ಬಂದರೆ, ಮಕಾವ್‌ನ ಚೀನೀ ಸಮಾಜದ ನಾಯಕತ್ವವೆಲ್ಲ ಕೂಡುತ್ತಿದ್ದ ಸ್ಥಳ ಕಿಯಾಂಗ್ ವು ಆಸ್ಪತ್ರೆ. ಕಿಯಾಂಗ್ ವು ಎಂದರೆ ಕನ್ನಡಿಯ ಕೆರೆ. ಅದು ಮಕಾವ್‌ನ ಹಳೆಯ ಹೆಸರುಗಳಲ್ಲೊಂದು. 1871ರಲ್ಲಿ ಚೀನೀ ವರ್ತಕರು ಚಂದಾ ಎತ್ತಿ ಸ್ಥಾಪಿಸಿದ ಈ ಸಂಸ್ಥೆ ರೋಗಿಗಳಿಗೆ ಚೀನೀ ಪದ್ಧತಿಯ ಚಿಕಿತ್ಸೆ ಕೊಡುತ್ತಿತ್ತು, ದಿಕ್ಕಿಲ್ಲದವರ ಹೆಣಗಳಿಗೆ ಸಂಸ್ಕಾರ ಮಾಡಿಸುತ್ತಿತ್ತು, ಬಡಮಕ್ಕಳಿಗೆ ಪಾಠಶಾಲೆ ನಡೆಸುತ್ತಿತ್ತು, ಜೊತೆಗೆ ವ್ಯಾಜ್ಯಗಳ ಪಂಚಾಯ್ತಿಯ ಕಟ್ಟೆಯೂ ಆಗಿತ್ತು. 1878ರ ಜನಗಣತಿಯ ವೇಳೆಗೆ ಸುಮಾರು 68 ಸಾವಿರ ಜನರಿದ್ದ, ಅವರಲ್ಲಿ ಬಹುಪಾಲು ಚೀನೀಯರೇ ಆಗಿದ್ದ ಊರಿನಲ್ಲಿ ಇಂತಹ ಸಂಸ್ಥೆಯ ನಿರ್ವಾಹಕ ಮಂಡಳಿಯಲ್ಲಿ ಸ್ಥಾನ ಪಡೆಯುವುದೆಂದರೆ ಸಮುದಾಯದ ಹಿರಿಯನೆಂದು ಒಪ್ಪಿಗೆ ಪಡೆದಂತೆ. ಲೋ ಕಾವ್ ಆ ಮಂಡಳಿಯಲ್ಲಿ ದುಡಿದ. 1892ರಲ್ಲಿ ಹುಟ್ಟಿದ ತುಂಗ್ ಸಿನ್ ತೊಂಗ್, ಅಂದರೆ ಕೂಡಿ ಒಳಿತು ಮಾಡುವ ಮನೆ ಎಂಬ ಸಂಸ್ಥೆಗೂ ಬೆನ್ನೆಲುಬಾಗಿ ನಿಂತ. ಈ ಸಂಸ್ಥೆ ಬಡವರಿಗೆ ಔಷಧ, ಅಕ್ಕಿ, ಶವಪೆಟ್ಟಿಗೆಗಳನ್ನು ದಾನವಾಗಿ ಕೊಡುತ್ತಿತ್ತು. 1894ರಲ್ಲಿ ಕ್ಯಾಂಟನ್ ಮತ್ತು ಹಾಂಗ್‌ಕಾಂಗ್‌ಗಳನ್ನು ಕಾಡಿದ ಪ್ಲೇಗ್ ಮರುವರ್ಷ ಮಕಾವ್‌ಗೆ ಬಂದಾಗ ಇಂತಹ ಸಂಸ್ಥೆಗಳಿಲ್ಲದಿದ್ದರೆ ಚೀನೀ ಕೇರಿಗಳ ಗತಿ ಏನಾಗುತ್ತಿತ್ತು ಎಂಬುದನ್ನು ಊಹಿಸಲು ಕಷ್ಟವಿಲ್ಲ.

ಸತ್ತವರಿಗೆ ಶವಪೆಟ್ಟಿಗೆ ಕೊಡುವುದು ಚೀನೀ ಸಮಾಜದಲ್ಲಿ ಏಕೆ ಅಷ್ಟು ದೊಡ್ಡ ಪುಣ್ಯವಾಗಿತ್ತು ಎಂಬುದಕ್ಕೆ ಸ್ವಲ್ಪ ವಿವರಣೆ ಬೇಕು. ಪೂರ್ವಜರ ಆರಾಧನೆಯೇ ಕುಟುಂಬದ ಆಧಾರವಾಗಿದ್ದಲ್ಲಿ, ಊರು ಬಿಟ್ಟು ಬಂದು ಬಂದರಿನಲ್ಲಿ ಒಂಟಿಯಾಗಿ ಸತ್ತ ಕೂಲಿಯವನು ಸಂಸ್ಕಾರವಿಲ್ಲದೆ ಮಣ್ಣಾದರೆ ಅವನು ಹಸಿದ ಪ್ರೇತವಾಗಿ ಅಲೆಯುತ್ತಾನೆ ಎಂಬ ಭಯ ಆಳವಾಗಿತ್ತು. ಅದಕ್ಕಾಗಿಯೇ ಶವಪೆಟ್ಟಿಗೆಯ ದಾನ ಅನ್ನದಾನಕ್ಕೆ ಸಮನೆನಿಸಿತ್ತು. ಆದರೆ ಆ ಕೂಲಿಯವನ ಗಳಿಕೆಯ ಒಂದು ಪಾಲು ಫಾನ್ ತಾನ್ ಮೇಜಿನ ಮೇಲೆಯೇ ಕರಗಿರಬಹುದಾದ ಸಾಧ್ಯತೆಯೂ ಅಷ್ಟೇ ದೊಡ್ಡದು. ಅವನು ಬದುಕಿದ್ದಾಗ ಕಳೆದುಕೊಂಡ ತಾಮ್ರದ ಬಿಲ್ಲೆಗಳು ಗುತ್ತಿಗೆದಾರನ ಕೈಯಿಂದ ಹಾಯ್ದು, ಒಂದು ಪಾಲು ಗವರ್ನರನ ಖಜಾನೆಗೂ ಇನ್ನೊಂದು ಪಾಲು ಅವನದೇ ಶವಪೆಟ್ಟಿಗೆಗೂ ಸಂದವು. ಇದರಿಂದ ಲೋ ಕಾವ್‌ನ ದಾನ ಪೊಳ್ಳೆಂದು ಹೇಳಲಾಗದು. ಕಡ್ಡಾಯವಿಲ್ಲದಿದ್ದಾಗಲೂ ಅವನು ಕೊಟ್ಟ, ದಶಕಗಳ ಕಾಲ ಕೊಟ್ಟ. ಆದರೆ ತನ್ನ ಪ್ರಜೆಗಳ ಸೋಲಿನಿಂದಲೇ ಆದಾಯ ಪಡೆದು, ಅವರ ಆರೈಕೆಯನ್ನು ಆ ಆದಾಯದ ದಲ್ಲಾಳಿಯ ಔದಾರ್ಯಕ್ಕೆ ಬಿಟ್ಟ ಸರ್ಕಾರದ ಮೇಲೆ ಬೀಳಬೇಕಾದ ಆಕ್ಷೇಪ ಅವನ ದಾನದಿಂದ ಕಡಿಮೆಯಾಗುವುದಿಲ್ಲ.

ಕಿಯಾಂಗ್ ವು ಆಸ್ಪತ್ರೆಯ ಮೂಲಕವೇ ಲೋ ಕಾವ್‌ನ ಬದುಕಿಗೆ ಮುಂದೆ ಚೀನಾದ ಇತಿಹಾಸವನ್ನು ಬದಲಿಸಲಿದ್ದ ವ್ಯಕ್ತಿಯೊಬ್ಬನ ನಂಟು ಬೆಳೆಯಿತು. 1892ರಲ್ಲಿ ಹಾಂಗ್‌ಕಾಂಗ್‌ನ ವೈದ್ಯಕೀಯ ಕಾಲೇಜಿನಿಂದ ಹೊರಬಂದ ಸನ್ ಯಾತ್ ಸೆನ್ ಮಕಾವ್‌ಗೆ ಬಂದು ಕಿಯಾಂಗ್ ವು ಆಸ್ಪತ್ರೆಯಲ್ಲಿ ಪಾಶ್ಚಾತ್ಯ ಪದ್ಧತಿಯ ಚಿಕಿತ್ಸೆಯನ್ನು ಆರಂಭಿಸಿದ. ಆಸ್ಪತ್ರೆಯಿಂದ ಸಾಲ ಪಡೆದು ಚೀನೀ ಮತ್ತು ಪಾಶ್ಚಾತ್ಯ ಔಷಧಗಳೆರಡನ್ನೂ ಕೊಡುವ ಅಂಗಡಿಯನ್ನು ತೆರೆದ. 1893ರಲ್ಲಿ ಅವನ ವೈದ್ಯಕೀಯ ಕೌಶಲವನ್ನು ಹೊಗಳಿ ಊರಿನ ಗಣ್ಯರು ಪತ್ರಿಕೆಯಲ್ಲಿ ಪ್ರಕಟಿಸಿದ ಜಾಹೀರಾತಿಗೆ ಸಹಿ ಹಾಕಿದವರಲ್ಲಿ ಲೋ ಚೊಕ್ ಚಿ ಎಂಬ ಹೆಸರಿನಲ್ಲಿ ಲೋ ಕಾವ್ ಕೂಡ ಒಬ್ಬ. ಪೋರ್ಚುಗೀಸ್ ಪರವಾನಗಿ ಇಲ್ಲವೆಂಬ ಕಾರಣಕ್ಕೆ ಅಲ್ಲಿನ ಪೋರ್ಚುಗೀಸ್ ವೈದ್ಯರು ಅಡ್ಡಿಪಡಿಸಿದ್ದರಿಂದ ಸನ್ ಮಕಾವ್ ತೊರೆದು ಕ್ಯಾಂಟನ್‌ಗೆ ಹೋಗಬೇಕಾಯಿತು. ಕ್ರಾಂತಿಯ ಸಂಘಟನೆಗೆ ಅವನು ಇಳಿದದ್ದು ಅದರ ನಂತರ.

ಮಕಾವ್‌ನ ಆಚೆ, ಗ್ವಾಂಗ್‌ಡಾಂಗ್‌ನ ವಿಶಾಲ ಪೇಟೆಯತ್ತ ಲೋ ಕಾವ್‌ನ ವ್ಯವಹಾರ ಚಾಚಿದ್ದೇ ಅವನ ಏಳಿಗೆಯ ಶಿಖರವೂ ಅವನತಿಯ ಬೀಜವೂ ಆಯಿತು. 1900ರಲ್ಲಿ, ಹಿರಿಯ ರಾಜನೀತಿಜ್ಞ ಲಿ ಹಾಂಗ್‌ಝಾಂಗ್ ಕ್ಯಾಂಟನ್ನಿನಲ್ಲಿ ರಾಜಪ್ರತಿನಿಧಿಯಾಗಿದ್ದಾಗ, ಹಣದ ಅಗತ್ಯಕ್ಕಾಗಿ ಬೇರೆ ಜೂಜುಗಳಿಗೂ ಪರವಾನಗಿ ಸಿಕ್ಕಿತು. ಆ ಕಾಲಮಾನದಲ್ಲೇ ಗ್ವಾಂಗ್‌ಡಾಂಗ್‌ನ ವೈಸಿಂಗ್ ಗುತ್ತಿಗೆಯಲ್ಲಿ ಲೋ ಕಾವ್ ಭಾರಿ ಬಂಡವಾಳ ತೊಡಗಿಸಿದ. ಗುತ್ತಿಗೆಯ ಲೆಕ್ಕಾಚಾರವೆಲ್ಲ ಒಂದೇ ನಂಬಿಕೆಯ ಮೇಲೆ ನಿಂತಿತ್ತು: ಸುಮಾರು 1300 ವರ್ಷಗಳಿಂದ ನಡೆದುಬಂದ ಪರೀಕ್ಷೆಗಳು ಇನ್ನು ಮುಂದೆಯೂ ತಪ್ಪದೆ ನಡೆಯುತ್ತವೆ ಎಂಬುದು. ಆದರೆ ಜಪಾನಿನೆದುರು ಸೋತು, ಬಾಕ್ಸರ್ ದಂಗೆಯ ಅವಮಾನವನ್ನು ಉಂಡ ಚಿಂಗ್ ಆಸ್ಥಾನ ಹೊಸ ಶಾಲೆಗಳ ಕಡೆಗೆ ತಿರುಗಿತ್ತು. ಪ್ರಾಂತ್ಯಗಳ ಪರೀಕ್ಷೆ ಕೊನೆಯ ಬಾರಿಗೆ ನಡೆದದ್ದು 1903ರಲ್ಲಿ, ರಾಜಧಾನಿಯದು 1904ರಲ್ಲಿ. 1905ರ ಸೆಪ್ಟೆಂಬರಿನಲ್ಲಿ ಹೊರಟ ಆಜ್ಞೆಯೊಂದು ಪರೀಕ್ಷಾ ಪದ್ಧತಿಯನ್ನೇ ರದ್ದುಪಡಿಸಿತು. ಪರೀಕ್ಷೆಯೇ ಇಲ್ಲವಾದ ಮೇಲೆ ಪಣವಿಡಲು ಅಡ್ಡಹೆಸರುಗಳೂ ಉಳಿಯಲಿಲ್ಲ. ರದ್ದತಿಯ ಪರವಾಗಿ ಮುಂದೆ ನಿಂತ ಹಿರಿಯ ಅಧಿಕಾರಿಗಳಲ್ಲಿ, ಇಪ್ಪತ್ತು ವರ್ಷಗಳ ಹಿಂದೆ ವೈಸಿಂಗ್‌ಗೆ ಅನುಮತಿ ತಂದಿದ್ದ ಝಾಂಗ್ ಝಿದೊಂಗ್ ಕೂಡ ಒಬ್ಬನಾಗಿದ್ದ.

ಸಾಲ ಬೆಳೆಯಿತು. 1907ರಲ್ಲಿ ಲೋ ಕಾವ್ ಆತ್ಮಹತ್ಯೆ ಮಾಡಿಕೊಂಡ. ಲಕ್ಷಾಂತರ ಜನರ ಅದೃಷ್ಟದ ಆಸೆಯಿಂದ ಲಾಭ ಪಡೆದವನು ಸ್ವತಃ ಜೂಜುಗಾರನಾಗಿರಲಿಲ್ಲ, ಅವನು ಲೆಕ್ಕ ಬಲ್ಲ ವರ್ತಕ; ಆದರೆ ಗುತ್ತಿಗೆ ಎಂಬುದರ ಒಳಗೇ ಒಂದು ಪಣವಿತ್ತು, ಅಧಿಕಾರದಲ್ಲಿರುವವರು ನಿಯಮವನ್ನು ಬದಲಿಸುವುದಿಲ್ಲ ಎಂಬ ಪಣ. ಎರಡು ಸರ್ಕಾರಗಳ ಪದಕ ಮತ್ತು ಪದವಿ ಅವನ ಬಳಿ ಇದ್ದವು. ಆ ಪಣದಲ್ಲಿ ಸೋತಾಗ ಅವುಗಳಲ್ಲಿ ಯಾವುದೂ ಅವನನ್ನು ಉಳಿಸಲಿಲ್ಲ.

ತಂದೆಯ ನಂತರ ಮನೆತನದ ಭಾರ ಹೊತ್ತವನು ಹಿರಿಯ ಮಗ ಲೋ ಲಿಮ್ ಯೋಕ್. ಸಾಹಿತ್ಯಾಭಿರುಚಿಯುಳ್ಳ, ಓದಿದ ಈ ಮಗನೂ ಕಿಯಾಂಗ್ ವು ಆಸ್ಪತ್ರೆಯ ಮತ್ತು ಚೀನೀ ವರ್ತಕರ ಸಂಘದ ಮುಖಂಡನಾಗಿ ತಂದೆಯ ಸ್ಥಾನವನ್ನು ಉಳಿಸಿಕೊಂಡ. ತಂದೆ ಕೊಂಡಿದ್ದ ನೆಲದಲ್ಲಿ ಅವನು ಸುಝೌ ಊರಿನ ಪ್ರಸಿದ್ಧ ಉದ್ಯಾನಗಳ ಮಾದರಿಯಲ್ಲಿ ತೋಟವೊಂದನ್ನು ಮಾಡಿಸಿದ: ತಾವರೆಯ ಕೊಳ, ಬೆಟ್ಟದಂತೆ ಪೇರಿಸಿದ ಬಂಡೆಗಳು, ಬಿದಿರು ಮೆಳೆ, ಒಂಬತ್ತು ತಿರುವುಗಳ ಸೇತುವೆ. ದುಷ್ಟಶಕ್ತಿಗಳು ನೇರದಾರಿಯಲ್ಲಷ್ಟೇ ಚಲಿಸಬಲ್ಲವು ಎಂಬ ನಂಬಿಕೆಯಿಂದ ಚೀನೀ ತೋಟಗಳಲ್ಲಿ ಸೇತುವೆಯನ್ನು ಹೀಗೆ ಅಂಕುಡೊಂಕಾಗಿ ಕಟ್ಟುವುದುಂಟು ಎನ್ನುತ್ತಾರೆ. ಒಂಬತ್ತು ಎಂಬ ಎಣಿಕೆಯಲ್ಲಿ ತಂದೆಯ ಹೆಸರಿನ ದನಿಯೂ ಕೇಳುತ್ತದೆ. 1912ರ ಮೇ ತಿಂಗಳಲ್ಲಿ, ಚೀನಾ ಗಣರಾಜ್ಯದ ತಾತ್ಕಾಲಿಕ ಅಧ್ಯಕ್ಷ ಪದವಿಯಿಂದ ಇಳಿದ ಸನ್ ಯಾತ್ ಸೆನ್ ಮಕಾವ್‌ಗೆ ಬಂದಾಗ ಉಳಿದುಕೊಂಡದ್ದು ಇದೇ ತೋಟದಲ್ಲಿ, ಕೊಳದ ಬಳಿಯ ವಸಂತದ ಹುಲ್ಲು ಎಂಬ ಅರ್ಥದ ಹೆಸರುಳ್ಳ ಮಂಟಪದ ಮನೆಯಲ್ಲಿ. ಅದಕ್ಕೆ ಒಂದು ವರ್ಷ ಮುಂಚೆ, 1911ರ ಮಾರ್ಚಿನಲ್ಲಿ, ಗ್ವಾಂಗ್‌ಡಾಂಗ್ ಸಕಲ ಬಗೆಯ ಜೂಜುಗಳನ್ನು ನಿಷೇಧಿಸಿತ್ತು, ಅಲ್ಲಿನ ಆಟಗಾರರು ಮತ್ತೊಮ್ಮೆ ಮಕಾವ್‌ನ ದೋಣಿ ಹತ್ತತೊಡಗಿದ್ದರು.

ಲೋ ಲಿಮ್ ಯೋಕ್ 1927ರಲ್ಲಿ ತೀರಿಕೊಂಡ ಮೇಲೆ ಮನೆತನದ ಸಿರಿ ಇಳಿಮುಖವಾಯಿತು. ತೋಟದ ಒಂದು ಭಾಗ ಶಾಲೆಯ ಕೈಸೇರಿತು, ಉಳಿದದ್ದನ್ನು ಸರ್ಕಾರ ಕೊಂಡು 1974ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಇಗರ್ಜಿ ಓಣಿಯ ಮನೆ ಮಾತ್ರ ಬಹಳ ಕಾಲ ಬಾಡಿಗೆದಾರರ ವಠಾರವಾಗಿತ್ತು. ಒಂದು ಕಾಲಕ್ಕೆ ಗಂಡುಹೆಣ್ಣು ಆಳುಕಾಳುಗಳಿಂದ ಕೂಡಿದ ಒಂದೇ ಕುಟುಂಬವಿದ್ದ ಕೋಣೆಗಳನ್ನು ಹಲಗೆಗಳಿಂದ ಅಡ್ಡಗಟ್ಟಿ ಹಲವು ಬಡ ಸಂಸಾರಗಳು ಹಂಚಿಕೊಂಡಿದ್ದವು. 21ನೆಯ ಶತಮಾನದ ಮೊದಲ ವರ್ಷಗಳಲ್ಲಿ ಆ ಹಲಗೆಗಳನ್ನು ತೆಗೆದು, ಚಿಪ್ಪಿನ ಕಿಟಕಿಗಳನ್ನು ದುರಸ್ತಿ ಮಾಡಲಾಯಿತು. 2005ರಲ್ಲಿ ಮಕಾವ್‌ನ ಹಳೆಯ ನಗರ ಕೇಂದ್ರ ಯುನೆಸ್ಕೊದ ವಿಶ್ವಪರಂಪರೆಯ ಪಟ್ಟಿಗೆ ಸೇರಿದಾಗ ಈ ಮನೆಯೂ ಅದರಲ್ಲಿ ಸೇರಿತು. ತುಂಗ್ ಸಿನ್ ತೊಂಗ್ ಇಂದಿಗೂ ನಡೆಯುತ್ತಿದೆ, ಕಿಯಾಂಗ್ ವು ಆಸ್ಪತ್ರೆಯೂ ರೋಗಿಗಳನ್ನು ನೋಡುತ್ತಿದೆ, ಲೋ ಲಿಮ್ ಯೋಕ್ ತೋಟದ ಬಿದಿರಿನ ನೆರಳಿನಲ್ಲಿ ಬೆಳಗಿನ ಹೊತ್ತು ವಯಸ್ಸಾದವರು ತಾಯ್ ಚಿ ಅಭ್ಯಾಸ ಮಾಡುತ್ತಾರೆ.